ತಟ್ಟಿ ನೋಡದ ಗೋಡೆ

ಬೆಳಿಗ್ಗೆಯಿಂದ ಅಯಂಬಿರೆಯ ಪ್ಯಾಂಟಿನ ಜೇಬಿನಲ್ಲಿ ಅಂಗೈಯಗಲದ ಒಂದು ಹಕ್ಕಳೆ ಕೂತಿತ್ತು. ಅದರ ಒಂದು ಮುಖದಲ್ಲಿ ಕೆಂಪು, ಕಪ್ಪು, ಬಿಳಿಯ ಮುಕ್ಕೋನಗಳು. ಇನ್ನೊಂದು ಮುಖ ಬರೀ ಬೂದಿ ಬಣ್ಣ. ನಡೆದಾಗಲೆಲ್ಲ ಅದರ ಅಂಚು ತೊಡೆಗೆ ಒತ್ತುತ್ತಿತ್ತು. ಅತಿಥಿಗೃಹದ ಏಳು ಮಣ್ಣಿನ ಮನೆಗಳಲ್ಲಿ ಮೂರನೆಯದರ ಬಚ್ಚಲ ಕಡೆಯ ಗೋಡೆಯಿಂದ, ನೆಲದ ಹತ್ತಿರ, ಮೊರದಷ್ಟು ದೊಡ್ಡ ಗಿಲಾವು ಕಳಚಿ ಬಿದ್ದಿತ್ತು. ಅದನ್ನು ಮೊದಲು ಕಂಡವನು ಅವನೇ. ಈ ಮನೆಗಳ ನಕ್ಷೆ ಬರೆದವನಿಗೆ ತಾನೆ ಎದ್ದ ಕೂಡಲೇ ಗೋಡೆ ನೋಡುವ ಚಟ. ಬಿದ್ದ ಚೂರುಗಳನ್ನೆಲ್ಲ ಬಾಂಡ್ಲಿಗೆ ತುಂಬಿ ಬೇವಿನ ಮರದ ಹಿಂದಿನ ಗುಂಡಿಗೆ ಸುರಿದು, ಮೇಲೆ ಒಣಹುಲ್ಲು ಎಳೆದು ಬಂದ. ಆಮೇಲೆ ಗೋಡೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಕಳಚಿದ ಜಾಗದ ಅಂಚಿನಲ್ಲಿ ದಾರದಷ್ಟು ಸಣ್ಣಗೆ ಕಾಣುತ್ತಿದ್ದ ಬೂದಿ ಗೆರೆಯ ಮೇಲೆ ಒದ್ದೆ ಮಣ್ಣನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಸವರಿದ. ಇಷ್ಟೆಲ್ಲ ಮಾಡಿದವನು ಒಂದು ಚೂರನ್ನು ಮಾತ್ರ ಯಾಕೆ ಜೇಬಿಗೆ ಇಳಿಸಿದೆ ಎಂದು ಅವನಿಗೇ ಗೊತ್ತಿರಲಿಲ್ಲ. ಎಸೆಯಲು ಎರಡು ಸಲ ಹೊರಟಿದ್ದ. ಎರಡು ಸಲವೂ ಯಾರೋ ಎದುರು ಬಂದರು.

ಮೊದಲು ಎದುರು ಬಂದವನು ಬಯುವೊ, ಅತಿಥಿಗೃಹದ ಉಸ್ತುವಾರಿಯವನು. ಅವನು ದಗಾಬಾ ಜನದವನು, ಪಶ್ಚಿಮದ ಕಡೆಯವನು. ಅಯಂಬಿರೆಯ ಫ್ರಫ್ರಾ ಜನಕ್ಕೂ ದಗಾಬಾದವರಿಗೂ ಅಜ್ಜಂದಿರ ಕಾಲದಿಂದ ಬೈಗುಳದ ಸಲುಗೆ. ಬೇಯಿಸಿದ ನಾಯಿಯ ತಲೆ ಯಾರ ಪಾಲು ಎಂಬ ಜಗಳ ಇನ್ನೂ ತೀರಿಲ್ಲ, ತೀರಬಾರದು. ಹೆಣದ ಮುಂದೆಯೂ ಒಬ್ಬರನ್ನೊಬ್ಬರು ಗೇಲಿ ಮಾಡಬಹುದು, ಸತ್ತವನ ಟೋಪಿ ಕಸಿದುಕೊಂಡು ಓಡಬಹುದು. ಆ ಸಲುಗೆಯಲ್ಲಿ ಆಡಿದ ಮಾತಿಗೆ ಯಾರೂ ಸಿಟ್ಟಾಗಕೂಡದು, ಯಾರೂ ಅದನ್ನು ನಿಜವೆಂದು ಹಿಡಿಯಲೂ ಕೂಡದು. ಬಯುವೊ ಗೋಡೆಯ ಗಾಯ ನೋಡಿ, ಬಿದ್ದ ಮಣ್ಣೆಲ್ಲಿ ಎಂದು ಕೇಳಿದ. ಗುಡಿಸಿದೆ ಎಂದ ಅಯಂಬಿರೆ. ನಾಯಿತಲೆ ತಿನ್ನುವವರ ಮನೆಯಲ್ಲಿ ಗಂಡಸು ಪೊರಕೆ ಹಿಡಿದದ್ದನ್ನು ಇವತ್ತೇ ನೋಡಿದೆ ಎಂದು ಬಯುವೊ ನಕ್ಕ. ಆದರೆ ಗೋಡೆಯ ಕಡೆ ತಿರುಗಿದಾಗ ಅವನ ಮುಖದಲ್ಲಿ ನಗು ಇರಲಿಲ್ಲ. ಸಂಜೆ ನಾಲ್ಕಕ್ಕೆ ಒಡತಿ ರಾಜಧಾನಿ ಅಕ್ರಾದಿಂದ ಮೊದಲ ಅತಿಥಿಗಳನ್ನು ಕರೆದುಕೊಂಡು ಬರುವವಳಿದ್ದಳು. ಅವರಲ್ಲಿ ವಯಸ್ಸಾದ ಗಂಡಹೆಂಡತಿಗೆ ಈ ಮನೆಯೇ ಗೊತ್ತಾಗಿತ್ತು, ಬಚ್ಚಲು ಒಳಗೇ ಇರುವುದು ಇದೊಂದರಲ್ಲೇ. ಹಾಸಿಗೆ ಹಾಸಿ ಆಗಿತ್ತು. ಮಂಚದ ತಲೆಭಾಗ ಆ ಗೋಡೆಗೇ ಆತುಕೊಂಡಿತ್ತು. ಹಾಗೆ ಇಡಬೇಕು ಎಂದು ನಕ್ಷೆಯಲ್ಲಿ ಬರೆದವನೂ ಅಯಂಬಿರೆಯೇ.

ಅವರನ್ನು ಬೇರೆ ಮನೆಯಲ್ಲಿ ಮಲಗಿಸೋಣ, ಬಚ್ಚಲ ಕೊಳವೆ ಯಾಕೋ ವಾಸನೆ ಬರುತ್ತಿದೆ ಎಂದು ಅಯಂಬಿರೆ ಹೇಳಿ ನೋಡಿದ. ಬಯುವೊ ಒಳಗೆ ಹೋಗಿ ಮೂಸಿ ಬಂದು, ಏನೂ ಇಲ್ಲ, ನಿನ್ನ ಮೂಗೇ ನಾರುತ್ತಿರಬೇಕು ಎಂದ. ಆಮೇಲೆ ಫೋನ್ ತೆಗೆದು, ಈ ಗೋಡೆ ಮೆತ್ತಿದ ಲಾಮಿಸಿಗೆ ಹೇಳಿ ಕಳಿಸಿದ; ಮುದುಕಿ ಗೋಡೆಗೆ ನೀರು ಹಿಡಿಯದಂತೆ ಬಳಿಯುವ ದವಾದವಾ ಕಾಯಿಯ ಕಷಾಯದಲ್ಲಿ ನೀರು ಜಾಸ್ತಿ ಮಾಡಿದ್ದಾಳೆ, ಬಂದು ತನ್ನ ಕೆಲಸ ತಾನೇ ನೋಡಲಿ ಎಂದು. ಲಾಮಿಸಿ ಅಯಂಬಿರೆಯ ಚಿಕ್ಕವ್ವ. ತಾಯಿ ಸತ್ತ ಮೇಲೆ ಅವನನ್ನು ಬೆನ್ನಿಗೆ ಕಟ್ಟಿಕೊಂಡು ಗೋಡೆ ಮೆತ್ತಿದವಳು. ಬಯುವೊ ಫೋನಿನಲ್ಲಿ ಅವಳ ಹೆಸರು ಹೇಳುತ್ತಿದ್ದಾಗ ಅಯಂಬಿರೆ ಪಕ್ಕದಲ್ಲೇ ನಿಂತಿದ್ದ. ಬಾಯಿ ತೆರೆದರೆ ಸಾಕಿತ್ತು. ಅವನು ನೆಲದ ಮೇಲಿನ ಒಂದು ಇರುವೆಯ ಸಾಲು ನೋಡುತ್ತ ನಿಂತ.

ಒಂದೇ ಗೋಡೆ, ಒಂದೇ ಗೋಡೆ ಎಂದು ಅವನು ಆಗಿನಿಂದ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದ. ಏಳು ಮನೆಗಳಲ್ಲಿ ಒಂದು ಮನೆ, ಆ ಮನೆಯಲ್ಲೂ ಬಚ್ಚಲ ಕಡೆಯ ಅರ್ಧ ಸುತ್ತು. ಫೆಬ್ರವರಿಯಲ್ಲಿ ಚಿಕ್ಕವ್ವ ಮತ್ತವಳ ಜೊತೆಯ ಆರು ಹೆಂಗಸರು ಬೊಂಗೊ ಕಡೆ ಯಾವುದೋ ಸಾವಿಗೆ ಹೋಗಿ ನಾಲ್ಕು ದಿನ ಬರಲಿಲ್ಲ. ಹಸಿಮಣ್ಣಿನ ಗೋಡೆ ಆಗಷ್ಟೆ ಒಣಗಿ ನಿಂತಿತ್ತು. ಒಳಗೆ ಕೊಳವೆಯವರು ಬಂದು ನೀರು ಬಿಟ್ಟು ಪರೀಕ್ಷೆ ಮಾಡಿದರು. ಮಣ್ಣಿನ ಗೋಡೆಯ ಮೇಲೆ ನೀರು ಚಿಮ್ಮಿ, ಕಪ್ಪಾಗಿ, ನಿಧಾನವಾಗಿ ಕೆಳಗಿಳಿದದ್ದನ್ನು ಅಯಂಬಿರೆ ನಿಂತು ನೋಡಿದ. ಮಾರನೆಯ ದಿನ ನವ್ರೊಂಗೊದಿಂದ ಒಬ್ಬ ಗಾರೆಯವನನ್ನು ಕರೆತಂದ. ಯಾರೆಂದು ಯಾರಿಗೂ ಹೇಳಲಿಲ್ಲ. ಮಧ್ಯಾಹ್ನದ ಉರಿಬಿಸಿಲಲ್ಲಿ, ಕೆಲಸದವರೆಲ್ಲ ನೆರಳಿಗೆ ಹೋದ ಹೊತ್ತಿನಲ್ಲಿ, ಗೋಡೆಯ ಒಳಗೂ ಹೊರಗೂ ಹೆಬ್ಬೆರಳ ಗೆಣ್ಣಿನಷ್ಟು ದಪ್ಪಕ್ಕೆ ಸಿಮೆಂಟು ಬಳಿಸಿದ. ಮೇಲೆ ತಾನೇ ಕೈಯಾರೆ ಮಣ್ಣು ಸವರಿದ. ಹೆಂಗಸರು ಸಾವಿನ ಮನೆಯಿಂದ ತಲೆ ಬೋಳಿಸಿಕೊಂಡು ಬಂದವರು ತಳದ ಮೆತ್ತಿಗೆ ಆಗಿರುವುದನ್ನು ನೋಡಿದರು. ಇದಾಯ್ತಾ ಮಗ ಎಂದು ಕೇಳಿದಳು ಚಿಕ್ಕವ್ವ. ಆಯ್ತು ಚಿಕ್ಕವ್ವ ಎಂದ. ಅವಳು ಚಿತ್ತಾರಕ್ಕೆ ಕೆಂಪು ಕಲ್ಲಿನ ಪುಡಿ ಕಲಸಲು ಕೂತಳು.

ಅವಳು ತಟ್ಟಿ ನೋಡಲಿಲ್ಲ. ಬೇರೆ ಯಾರು ಮೆತ್ತಿದ್ದರೂ ತಟ್ಟುತ್ತಿದ್ದಳು. ಬೆರಳು ಮಡಿಚಿ, ಗೆಣ್ಣಿನಿಂದ, ಬಾಗಿಲ ಪಕ್ಕದಿಂದ ಶುರು ಮಾಡಿ ಸುತ್ತಲೂ ತಟ್ಟುತ್ತ ಹೋಗುವಳು. ಹಿಡಿದುಕೊಂಡ ಗೋಡೆ ತೊಡೆ ತಟ್ಟಿದಂತೆ ಮೊಂಡು ಸದ್ದು ಮಾಡುತ್ತದೆ, ಬಿಟ್ಟುಕೊಂಡದ್ದು ಸೋರೆಬುರುಡೆಯ ಹಾಗೆ. ತನ್ನ ಜೊತೆ ಇಪ್ಪತ್ತು ವರ್ಷ ಕೆಲಸ ಮಾಡಿದವಳ ಮೆತ್ತಿಗೆಯನ್ನೂ ತಟ್ಟುವಳು, ಪೊಳ್ಳು ಸಿಕ್ಕರೆ ಅಲ್ಲೇ ಕೆರೆದು ಉದುರಿಸುವಳು. ಯಾರೂ ಬೇಸರ ಪಡುತ್ತಿರಲಿಲ್ಲ. ಅಯಂಬಿರೆಯ ಗೋಡೆಯನ್ನು ಮಾತ್ರ ತಟ್ಟಿದವಳಲ್ಲ. ಅವನಿಗೆ ಆರೋ ಏಳೋ ಆಗಿದ್ದಾಗ ಮೊದಲ ಸಲ ಕೋಳಿಗೂಡಿನ ಗೋಡೆ ಮೆತ್ತಿದ್ದ. ಆಯ್ತಾ ಎಂದಿದ್ದಳು, ಆಯ್ತು ಎಂದಿದ್ದ, ಮುಂದಿನ ಗೋಡೆಗೆ ಹೋಗಿದ್ದಳು. ಇವನದನ್ನು ಯಾಕೆ ತಟ್ಟಲ್ಲ ಎಂದು ಒಬ್ಬಳು ತಮಾಷೆಗೆ ಕೇಳಿದಾಗ, ಕೇಳಿದರೆ ಹೇಳ್ತಾನಲ್ಲ, ತಟ್ಟೋದು ಯಾಕೆ ಅಂದಿದ್ದಳು. ಆ ಮಾತು ಕೇಳಿಸಿಕೊಂಡ ಹುಡುಗ ಆ ದಿನವೆಲ್ಲ ಎದೆ ಸೆಟೆಸಿಕೊಂಡು ಓಡಾಡಿದ್ದ. ಈಗ ಅದು ನೆನಪಾಗಿ ಅವನು ಜೇಬಿನ ಹಕ್ಕಳೆಯನ್ನು ಅಂಗೈಯಿಂದ ಮುಚ್ಚಿಕೊಂಡ. ಅಡಿಗೆಮನೆಯ ಕಡೆಯಿಂದ ಸಜ್ಜೆ ಮುದ್ದೆ ತಿರುವುವ ಸದ್ದು ಬರುತ್ತಿತ್ತು. ಅವನು ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ.

ಹನ್ನೆರಡರ ಹೊತ್ತಿಗೆ ಪೂರ್ವದ ಕಡೆ ಆಕಾಶ ಕಂದಿತು. ಏಪ್ರಿಲ್ ತಿಂಗಳ ಮೋಡ. ಸುರಿದರೆ ಸುರಿಯಿತು, ಇಲ್ಲದಿದ್ದರೆ ಧೂಳೆಬ್ಬಿಸಿ ಹೋಯಿತು. ಹೋದ ತಿಂಗಳು ಒಂದು ಸಲ ಸುರಿದಿತ್ತು. ಆಗಲೇ ಗೊತ್ತಾಗಬೇಕಿತ್ತು. ಉಳಿದ ಆರು ಮನೆಗಳ ಬುಡ ಎರಡೇ ದಿನದಲ್ಲಿ ಒಣಗಿ ಬೆಳ್ಳಗಾದವು, ಮೂರನೆಯದರ ಬುಡ ವಾರವಾದರೂ ಒಣಗಲಿಲ್ಲ. ಅವನಿಗೆ ಕಾರಣ ಗೊತ್ತಿಲ್ಲದೆ ಏನಿಲ್ಲ. ಒಳಗಿನ ಮಣ್ಣು ಕುಡಿದ ನೀರನ್ನು ಸಿಮೆಂಟು ಹೊರಗೆ ಬಿಡುವುದಿಲ್ಲ. ಮಣ್ಣು ಒಳಗೊಳಗೇ ಕೊಳೆತ ಹಣ್ಣಿನ ಹಾಗೆ ಮೆತ್ತಗಾಗುತ್ತದೆ, ಹೊರಗಿನ ಚಿತ್ತಾರ ನಗುತ್ತಲೇ ಇರುತ್ತದೆ. ಇದನ್ನೇ ಅವನು ಅಕ್ರಾದಲ್ಲಿ, ಕುಮಾಸಿಯಲ್ಲಿ, ತಂಪು ಯಂತ್ರ ಹಾಕಿದ ಸಭಾಂಗಣಗಳಲ್ಲಿ ಪರದೆಯ ಮೇಲೆ ಚಿತ್ರ ತೋರಿಸಿ ವಿವರಿಸಿ ಚಪ್ಪಾಳೆ ಗಿಟ್ಟಿಸಿದ್ದ. ಮಣ್ಣು ಉಸಿರಾಡುತ್ತದೆ, ಅದರ ಮೂಗು ಮುಚ್ಚಬೇಡಿ ಎಂಬುದು ಅವನ ಹೆಸರಿಗೇ ಅಂಟಿಕೊಂಡ ಮಾತು. ಈ ಅತಿಥಿಗೃಹದ ಪುಸ್ತಿಕೆಯಲ್ಲೂ ಅದೇ ಇತ್ತು: ಸುತ್ತಲಿನ ಮಣ್ಣು, ಸುತ್ತಲಿನ ಹುಲ್ಲು, ಸುತ್ತಲಿನ ಹೆಂಗಸರ ಕೈ, ಒಂದು ಹಿಡಿ ಸಿಮೆಂಟೂ ಇಲ್ಲದ ಮನೆಗಳು. ಕೆಳಗೆ ಚಿಕ್ಕವ್ವನ ಚಿತ್ರ, ಕೈತುಂಬ ಕೆಮ್ಮಣ್ಣು. ಅವಳಿಗೆ ಓದಲು ಬರುವುದಿಲ್ಲ. ಏನಂತ ಬರೆದಿದೆ ಎಂದು ಅವನ ಕೈಲೇ ಓದಿಸಿಕೊಂಡಿದ್ದಳು, ಅವನು ಓದಿದ್ದ, ಒಂದು ಹಿಡಿ ಸಿಮೆಂಟೂ ಇಲ್ಲ ಎಂಬಲ್ಲಿಗೆ ಬಂದಾಗಲೂ ದನಿ ನಡುಗದೆ ಓದಿದ್ದ.

ನಡುಗಲಿಲ್ಲವಲ್ಲ ಎಂಬುದೇ ಈಗ ಅವನಿಗೆ ಭಯ ಹುಟ್ಟಿಸಿತು. ಊರಿಗೆಲ್ಲ ಮಣ್ಣಿನ ಪಾಠ ಹೇಳುವ ತನಗೆ ಮಣ್ಣಿನ ಮೇಲೆ ನಂಬಿಕೆ ಇಲ್ಲ ಎಂಬುದು ಫೆಬ್ರವರಿಗಿಂತ ತುಂಬ ಹಿಂದಿನ ವಿಷಯ. ಅವನಿಗಾಗ ಒಂಬತ್ತು ವರ್ಷ. ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ, ಮೂರು ದಿನದಿಂದ ಹಿಡಿದ ಮಳೆ. ಅವನು ಅಜ್ಜನ ಕೋಣೆಯಲ್ಲಿ ಚಾಪೆಯ ಮೇಲೆ ಮಲಗಿದ್ದ. ಸದ್ದೇ ಇಲ್ಲದೆ ಎದುರಿನ ಗೋಡೆ ಮಂಡಿಯೂರಿದಂತೆ ಕೆಳಗೆ ಕೂತುಬಿಟ್ಟಿತು, ಕೋಣೆಯೊಳಕ್ಕೆ ಏಕ್‌ದಮ್ ಬೆಳಕು ಬಂತು, ಬೆಳಕಿನಾಚೆ ನೆಂಟರಿಷ್ಟರೆಲ್ಲ ನಿಂತು ಅವನನ್ನು ನೋಡುತ್ತಿದ್ದರು. ಅವನ ಚಡ್ಡಿ ಒದ್ದೆಯಾಗಿತ್ತು. ಮೊದಲು ನಕ್ಕವನು ಅವನ ದೊಡ್ಡಪ್ಪನ ಮಗ, ಆಮೇಲೆ ಅಂಗಳಕ್ಕಂಗಳವೇ ನಕ್ಕಿತು. ಆಗ ಚಿಕ್ಕವ್ವ ಬಂದು ಅವನನ್ನು ಎತ್ತಿಕೊಂಡಳು, ಅದು ಸೂರಿನ ನೀರು, ಕಣ್ಣು ಕಾಣ್ಸಲ್ವಾ ನಿಮಗೆ ಎಂದು ಎಲ್ಲರ ಬಾಯಿ ಮುಚ್ಚಿಸಿದಳು. ಅವಳು ಸುತ್ತಿಕೊಂಡ ಬಟ್ಟೆ ಅವನ ಒದ್ದೆಯಿಂದ ಒದ್ದೆಯಾಗಿತ್ತು, ಅದು ಸೂರಿನ ನೀರಲ್ಲ ಎಂದು ಅವಳಿಗಿಂತ ಚೆನ್ನಾಗಿ ಗೊತ್ತಿದ್ದವರು ಯಾರೂ ಇರಲಿಲ್ಲ. ಇವತ್ತಿಗೂ ಮಲಗುವ ಕೋಣೆಯ ಗೋಡೆ ಮಣ್ಣಿನದಾದರೆ ಅವನಿಗೆ ನಿದ್ದೆ ಹತ್ತುವುದಿಲ್ಲ. ಬೊಲ್ಗಾದಲ್ಲಿ ಅವನಿರುವುದು ಸಿಮೆಂಟು ಇಟ್ಟಿಗೆಯ ಬಾಡಿಗೆ ಮನೆಯಲ್ಲಿ, ಅದನ್ನೂ ಯಾರಿಗೂ ತೋರಿಸುವುದಿಲ್ಲ. ಆ ಮುದಿ ದಂಪತಿ ಇವತ್ತು ಆ ಗೋಡೆಯ ಕೆಳಗೆ ತಲೆಯಿಟ್ಟು ಮಲಗುತ್ತಾರೆ. ಬಿದ್ದರೆ ಒಣಮಣ್ಣಿನ ಹಾಗೆ ಪುಡಿಯಾಗಿ ಬೀಳುವುದಿಲ್ಲ, ಸಿಮೆಂಟಿನ ಪದರ ಹಾಗೇ ಹಲಗೆಯಾಗಿ ಬೀಳುತ್ತದೆ. ಯಾವುದಕ್ಕೆ ಹೆದರಿದ್ದನೋ ಅದನ್ನೇ ಅವನು ತನ್ನ ಕೈಯಾರೆ ಕಟ್ಟಿ ನಿಲ್ಲಿಸಿದ್ದ.

ಎರಡೂವರೆಗೆ ಮೂರುಗಾಲಿಯ ಮೋಟರ್‌ಕಿಂಗ್ ಗಾಡಿಯಲ್ಲಿ ಚಿಕ್ಕವ್ವ ಬಂದಳು. ಜೊತೆಗೆ ಅವಳ ಗುಂಪಿನ ಇಬ್ಬರು ಹೆಂಗಸರು, ಕಾಲ ಬಳಿ ಮಣ್ಣಿನ ಬುಟ್ಟಿ, ನುಣುಪು ಕಲ್ಲುಗಳ ಗಂಟು, ಮಸಿಹಿಡಿದ ಕಷಾಯದ ಕೊಡ. ದುರಸ್ತಿ ಮಾಡಿಯೇ ಹೋಗುತ್ತೇನೆ ಎಂದು ಬಂದವಳ ಹಾಗಿದ್ದಳು. ಸುದ್ದಿ ಅವರಿಗಿಂತ ಮುಂಚೆ ಸಂತೆ ತಲುಪಿತ್ತು. ಲಾಮಿಸಿ ಮೆತ್ತಿದ ಗೋಡೆ ಬಿಟ್ಟುಕೊಂಡಿತಂತೆ. ಈ ಸೀಮೆಯಲ್ಲಿ ಹೆಂಗಸಿನ ಗೋಡೆ ಎಂದರೆ ಅವಳ ಮುಖ. ಹಿರಿಯವಳ ಗೋಡೆ ಒಂದು ಸಲ ಬಿಟ್ಟುಕೊಂಡರೆ ಮುಂದಿನ ಸುಗ್ಗಿಯ ಮೇಲೆ ಯಾರೂ ಅವಳ ಗುಂಪನ್ನು ಕರೆಯುವುದಿಲ್ಲ. ಕರೆಯದೆ ಇರುವುದಕ್ಕೆ ಕಾರಣ ಹೇಳುವುದೂ ಇಲ್ಲ, ಅಂಗಳದಲ್ಲಿ ಕೂರಿಸಿ ನೀರು ಕೊಟ್ಟು ಬೇರೆ ಮಾತಾಡಿ ಕಳಿಸುತ್ತಾರೆ. ಅಯಂಬಿರೆ ಮಂಡಿ ಬಗ್ಗಿಸಿ ಅವಳಿಗೆ ನಮಸ್ಕಾರ ಮಾಡಿದ. ಮನೆ ಹೇಗಿದೆ, ದಾರಿ ಹೇಗಿತ್ತು, ಕೋಳಿಗಳು ಹೇಗಿವೆ ಎಂದು ಕೇಳಬೇಕಾದದ್ದನ್ನೆಲ್ಲ ಕೇಳಿದ, ಅವಳು ಒಂದೊಂದಕ್ಕೂ ಚೆನ್ನಾಗಿದೆ ಎಂದಳು. ಸಜ್ಜೆಹಿಟ್ಟು ಕದಡಿದ ನೀರನ್ನು ಸೋರೆಬುರುಡೆಯಲ್ಲಿ ತಂದು ಎರಡು ಕೈಯಲ್ಲಿ ಹಿಡಿದ. ಬಂದವರು ನೀರು ಕುಡಿಯುವ ತನಕ ಯಾವ ವಿಷಯವನ್ನೂ ಎತ್ತುವ ಹಾಗಿಲ್ಲ. ಅವಳು ನಿಧಾನವಾಗಿ ಕುಡಿಯಲಿ, ಅಷ್ಟರೊಳಗೆ ಹೇಳಿಬಿಡುತ್ತೇನೆ ಎಂದು ಲೆಕ್ಕ ಹಾಕಿದ್ದ.

"ಇಟ್ಟಿರು ಮಗ," ಎಂದಳು ಚಿಕ್ಕವ್ವ. "ಮೊದ್ಲು ಗೋಡೆ ನೋಡ್ತೀನಿ. ಆಮೇಲೆ ಕುಡಿಯೋ ಹಾಗಿದ್ರೆ ಕುಡಿಯೋಣ."

ಜೀವಮಾನದಲ್ಲಿ ಅವಳು ಅವನ ಕೈಯ ನೀರನ್ನು ಬೇಡ ಎಂದದ್ದು ಅದೇ ಮೊದಲು. ತುಂಬಿದ ಬುರುಡೆ ಹಿಡಿದುಕೊಂಡೇ ಅವನು ಹಿಂದೆ ಹಿಂದೆ ನಡೆದ. ಎಲ್ಲಿ ಇಡಬೇಕೋ ತೋಚಲಿಲ್ಲ. ನೀರು ತುಳುಕಿ ಮೊಣಕೈವರೆಗೆ ಇಳಿಯುತ್ತಿತ್ತು, ಜೊತೆಯ ಹೆಂಗಸೊಬ್ಬಳು ಅದನ್ನು ನೋಡಿ ಬೇರೆ ಕಡೆ ತಿರುಗಿಕೊಂಡಳು. ಮೂರನೆಯ ಮನೆಯ ಬಾಗಿಲು ಅವರೂರಿನ ಬಾಗಿಲಿನ ಹಾಗೇ ಗಿಡ್ಡ, ದಾಟಿದ ಕೂಡಲೇ ಮೊಣಕಾಲೆತ್ತರದ ಒಂದು ಅಡ್ಡಗೋಡೆ. ಬಾಗಿಯೇ ಬರಬೇಕು, ಬಾಗಿದವನು ಕಾಲೆತ್ತಿ ದಾಟಬೇಕು. ಅತಿಥಿಗಳ ತಲೆಗೆ ತಾಗುತ್ತದೆ, ಎತ್ತರ ಮಾಡು ಎಂದು ಒಡತಿ ಹಟ ಹಿಡಿದಾಗ, ಬಾಗದೆ ಬರುವವನನ್ನು ಈ ಮನೆಗಳು ನಂಬುವುದಿಲ್ಲ ಎಂದು ಪತ್ರ ಬರೆದು ಗೆದ್ದಿದ್ದ. ಈಗ ಬಾಗಿದಾಗ ಜೇಬಿನ ಹಕ್ಕಳೆ ತೊಡೆಗೆ ಚುಚ್ಚಿತು. ಒಳಗೆ ಬಿಳಿಯ ಹಾಸಿಗೆ, ದಿಂಬಿನ ಮೇಲೆ ಬಯುವೊ ಇಟ್ಟ ಎರಡು ಕೆಂಪು ಹೂವು. ಚಿಕ್ಕವ್ವ ಅದನ್ನೂ ನೋಡಿದಳು, ದಿಂಬಿನಿಂದ ಗೋಡೆಗಿರುವ ದೂರವನ್ನೂ ಕಣ್ಣಲ್ಲೇ ಅಳೆದಳು. ಆಮೇಲೆ ಹೊರಗೆ ಬಂದು, ಬಾಗಿಲ ಪಕ್ಕದಲ್ಲಿ ನಿಂತು, ಬೆರಳು ಮಡಿಚಿದಳು.

ಒಂದು ಗೇಣಿಗೊಂದು ಸಲ ತಟ್ಟುತ್ತ ಅವಳು ಸುತ್ತು ಬಂದಳು. ಮೊದಲರ್ಧ ಮೊಂಡು ಸದ್ದು. ಕೆಂಪು ಮುಕ್ಕೋನಗಳು, ಹೆಬ್ಬಾವಿನ ಉಬ್ಬುಚಿತ್ತಾರ, ಮತ್ತೆ ಮುಕ್ಕೋನಗಳು, ತಟ್ಟಿದ ಕಡೆಯಲ್ಲೆಲ್ಲ ಅವಳದೇ ಮೈಯ ಸದ್ದು. ಬಯುವೊ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದ. ಬಚ್ಚಲ ಕಡೆಗೆ ತಿರುಗಿದ ಮೂರನೆಯ ಹೆಜ್ಜೆಗೆ ಸದ್ದು ಬದಲಾಯಿತು. ಅವಳು ಕೈ ತೆಗೆದಳು, ಅದೇ ಜಾಗದಲ್ಲಿ ಮತ್ತೆ ತಟ್ಟಿದಳು. ಕಿವಿ ಹಚ್ಚಿ ತಟ್ಟಿದಳು. ಅದು ಪೊಳ್ಳಿನ ಸದ್ದೂ ಅಲ್ಲ, ಪೊಳ್ಳಿನ ಮೇಲೆ ಏನೋ ಗಟ್ಟಿಯಾದದ್ದು ಹೊದ್ದುಕೊಂಡ ಸದ್ದು. ಅವಳ ಕೈಯಲ್ಲಿ ಹುಟ್ಟದ ಸದ್ದು. ಕಳಚಿದ ಜಾಗಕ್ಕೆ ಬಂದು ಕುಕ್ಕರುಗಾಲಲ್ಲಿ ಕೂತಳು. ಅಂಚಿನಲ್ಲಿ ಅವನು ಬೆಳಿಗ್ಗೆ ಸವರಿದ ಮಣ್ಣು ಇನ್ನೂ ಪೂರ್ತಿ ಒಣಗಿರಲಿಲ್ಲ. ಎಡದಿಂದ ಬಲಕ್ಕೆ ಒತ್ತಿ, ಕೊನೆಯಲ್ಲಿ ಸ್ವಲ್ಪ ಮೇಲಕ್ಕೆ ತಿರುಗಿಸಿದ ಹೆಬ್ಬೆರಳ ಗುರುತುಗಳು ಸಾಲಾಗಿದ್ದವು. ಹಾಗೆ ತಿರುಗಿಸುವುದನ್ನು ಕಲಿಸಿದವಳು ಅವಳೇ. ಅವಳು ಉಗುರಿನಿಂದ ಒಂದು ಗುರುತನ್ನು ಕೆರೆದಳು, ಕೆಳಗಿನದನ್ನು ನೋಡಿದಳು, ಕೆರೆದ ಜಾಗವನ್ನು ಮತ್ತೆ ಉಗುಳು ಹಚ್ಚಿ ಮುಚ್ಚಿದಳು. ಆಮೇಲೆ ಅವನ ಕೈ ನೋಡಿದಳು. ಬುರುಡೆ ಹಿಡಿದಿದ್ದ ಕೈಯ ಹೆಬ್ಬೆರಳ ಉಗುರಿನ ಕೆಳಗೆ ಕೆಂಪು ಮಣ್ಣಿತ್ತು. ಅವನಿಗೆ ಕೈ ಬಚ್ಚಿಡಲು ಆಗಲಿಲ್ಲ.

ಈಗ ಬೈಯುತ್ತಾಳೆ ಎಂದುಕೊಂಡ. ಬೈದುಬಿಡಲಿ ಎಂದು ಆಸೆಪಟ್ಟ. ಅವಳು ಮೊಣಕಾಲ ಮೇಲೆ ಕೈಯೂರಿ ಎದ್ದು ಬಯುವೊನ ಕಡೆ ತಿರುಗಿದಳು.

"ಕಷಾಯ ತೆಳ್ಳಗಿತ್ತು ಮಗ. ಈ ಮನೆ ಮಾಡುವಾಗ ಕಾಯಿ ಸಾಕಾಗ್ಲಿಲ್ಲ, ನಾನೇ ನೀರು ಹುಯ್ದೆ. ತಪ್ಪು ನಂದು. ನಿಮ್ಮ ಒಡತಿ ಅಮ್ಮೋರಿಗೆ ಹಂಗೇ ಹೇಳು."

ಹೆಂಗಸರಿಬ್ಬರೂ ತಲೆಯೆತ್ತಿದರು. ಕಾಯಿ ಸಾಕಾಗಿತ್ತು, ಮಿಕ್ಕಿತ್ತು ಕೂಡ. ಮಿಕ್ಕ ಕಷಾಯವನ್ನು ಅವರೇ ತಮ್ಮ ಮನೆಗಳಿಗೆ ಹೊತ್ತುಕೊಂಡು ಹೋಗಿದ್ದರು. ಅವರು ಚಿಕ್ಕವ್ವನನ್ನು ನೋಡಿ ಮತ್ತೆ ತಲೆ ತಗ್ಗಿಸಿದರು. ಸೂರಿನ ನೀರು, ಸೂರಿನ ನೀರು ಎಂದು ಅಯಂಬಿರೆಯ ತಲೆಯೊಳಗೆ ಯಾರೋ ಹೇಳುತ್ತಿದ್ದರು. ನಲವತ್ತೆರಡು ವರ್ಷದ ಗಂಡಸು, ಕನ್ನಡಕ, ಮಣಿಕಟ್ಟಿಗೆ ಗಡಿಯಾರ, ಮತ್ತೆ ಅವಳ ಬಟ್ಟೆ ಒದ್ದೆ ಮಾಡುತ್ತಿದ್ದ. ಸುಮ್ಮನಿದ್ದರೆ ಎಲ್ಲವೂ ಮುಗಿಯುತ್ತಿತ್ತು ಎಂಬುದು ಅವನಿಗೆ ನಾಚಿಕೆಯಾಗುವಷ್ಟು ಸ್ಪಷ್ಟವಾಗಿ ಕಾಣಿಸಿತು: ಬೊಲ್ಗಾದಿಂದ ಜನ ಬಂದು ಗೋಡೆ ಸರಿಮಾಡುತ್ತಾರೆ, ಒಡತಿ ನಾಲ್ಕು ಮಾತು ಆಡಿ ಮರೆಯುತ್ತಾಳೆ, ಚಿಕ್ಕವ್ವನನ್ನು ಅಂಗಳಗಳಲ್ಲಿ ಕೂರಿಸಿ ನೀರು ಕೊಟ್ಟು ಕಳಿಸುತ್ತಾರೆ. ಬಯುವೊ ಆಗಲೇ ಸರಿ ಬಿಡಿ ಅವ್ವ, ಇವತ್ತಿಗೆ ಮೇಲೆ ಮೇಲೆ ಮೆತ್ತಿ ಬಣ್ಣ ಹಚ್ಚಿಬಿಡಿ, ಅವರು ಬರುವ ಹೊತ್ತಾಯಿತು, ರಾತ್ರಿ ಒಂದು ಕಳೆದರೆ ಸಾಕು ಎನ್ನುತ್ತಿದ್ದ. ಹೆಂಗಸರು ಬುಟ್ಟಿ ಇಳಿಸುತ್ತಿದ್ದರು.

"ಬಯುವೊ," ಎಂದ ಅಯಂಬಿರೆ. ಅವನ ದನಿ ಅವನಿಗೇ ಬೇರೆಯವರದರ ಹಾಗೆ ಕೇಳಿಸಿತು. "ತಪ್ಪು ಚಿಕ್ಕವ್ವಂದಲ್ಲ. ಈ ಗೋಡೆಗೆ ಒಳಗಡೆ ಸಿಮೆಂಟ್ ಬಳಿಸಿದ್ದು ನಾನು."

ಬಯುವೊ ಅವನ ಮುಖ ನೋಡಿದ, ಹೆಂಗಸರ ಮುಖ ನೋಡಿದ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ.

"ನೋಡಿ ಅವ್ವ ನಿಮ್ಮ ಹುಡುಗನ್ನ. ಸಿಮೆಂಟ್ ಚೀಲ ಕಂಡ್ರೆ ಹಾವು ಕಂಡಂಗೆ ಹಾರೋನು, ಈಗ ತಾನೇ ಬಳಿದೆ ಅಂತಾನೆ. ಚಿಕ್ಕವ್ವನ್ನ ಉಳ್ಸೋಕೆ ಇಷ್ಟು ದೊಡ್ಡ ಸುಳ್ಳಾ? ನಾಯಿತಲೆ ತಿಂದು ತಿಂದು ಇವನ ಮಿದುಳೂ ಹಂಗೇ ಆಗೋಗಿದೆ."

ತಮಾಷೆಯಲ್ಲ ಎಂದ ಅಯಂಬಿರೆ. ನಿಮ್ಮವರು ತಮಾಷೆಯಲ್ಲ ಎಂದಾಗಲೇ ನಾವು ಜಾಸ್ತಿ ನಗುವುದು ಎಂದ ಬಯುವೊ. ಆಣೆ ಮಾಡುತ್ತೇನೆ ಎಂದ ಅಯಂಬಿರೆ. ಅದಕ್ಕೂ ನಕ್ಕ, ಯಾರ ತಲೆಯ ಮೇಲೆ, ನಾಯಿಯದಾ ಎಂದ. ಹೆಂಗಸರಿಗೂ ತಡೆಯಲಾಗದೆ ನಗು ಬಂತು. ದಗಾಬಾದವನ ಮುಂದೆ ಫ್ರಫ್ರಾದವನು ಆಡಿದ ಮಾತು ನಿಜವಾಗುವ ದಾರಿಯೇ ಇರಲಿಲ್ಲ, ಅಜ್ಜಂದಿರು ಆ ದಾರಿಯನ್ನು ಯಾವಾಗಲೋ ಮುಚ್ಚಿದ್ದರು. ಇವನಿಗೆ ಹೇಳಿದರೆ ನಿಲ್ಲುವುದಿಲ್ಲ ಎಂದು ಗೊತ್ತಿದ್ದೇ ತಾನು ಇವನಿಗೆ ಹೇಳಿದೆನೇ ಎಂಬ ಅನುಮಾನ ಅಯಂಬಿರೆಯನ್ನು ತಟ್ಟನೆ ಹಿಡಿಯಿತು. ಹೇಳಿದಂತೆಯೂ ಆಯಿತು, ಏನೂ ಆಗದಂತೆಯೂ ಆಯಿತು. ನಗದೆ ಇದ್ದವಳು ಚಿಕ್ಕವ್ವ ಒಬ್ಬಳೇ. ಸಾಕು ಬಿಡು ಮಗ ಎಂದು ಮೆಲ್ಲಗೆ ಹೇಳಿದಳು, ಬಾಗಿ ಬುಟ್ಟಿಯಿಂದ ಒಂದು ಹಿಡಿ ಮಣ್ಣು ತೆಗೆದಳು, ಆ ಬೂದಿ ಗೆರೆಯ ಮೇಲೆ ಮೆತ್ತಲು ಕೂತಳು. ರಸ್ತೆಯ ಕಡೆ, ಶಿಯಾ ಮರಗಳಾಚೆ, ಧೂಳಿನ ಒಂದು ಗೆರೆ ಎದ್ದು ಈ ಕಡೆ ಬರುತ್ತಿತ್ತು. ಅದು ಮಳೆಗಿಂತ ಮುಂದೆ ಬರುವ ಗಾಳಿಯೋ ಒಡತಿಯ ಕಾರೋ ತಿಳಿಯುವಂತಿರಲಿಲ್ಲ.

ಅವಳ ಕೈ ಗೋಡೆ ಮುಟ್ಟುವ ಮುಂಚೆ ಅವನು ಬುರುಡೆಯನ್ನು ನೆಲದ ಮೇಲಿಟ್ಟ. ಇಟ್ಟದ್ದು ನೆಟ್ಟಗೆ ನಿಲ್ಲದೆ ಉರುಳಿತು, ನೀರು ಮಣ್ಣಿಗೆ ಹೋಯಿತು. ತೋಟದ ಕೆಲಸದವರು ಒರಗಿಸಿಟ್ಟಿದ್ದ ಗಿಡ್ಡಕಾವಿನ ಗುದ್ದಲಿ ತೆಗೆದುಕೊಂಡು ಬಂದು, ಏಳು ಚಿಕ್ಕವ್ವ ಎಂದ. ಅವಳು ಅವನ ಕಣ್ಣು ನೋಡಿ ಎದ್ದು ಪಕ್ಕಕ್ಕೆ ಸರಿದಳು. ಎದೆಯೆತ್ತರದಲ್ಲಿ, ಹೆಬ್ಬಾವಿನ ತಲೆ ಇದ್ದ ಕಡೆ, ಅವನು ಮೊದಲ ಏಟು ಹಾಕಿದ. ಗುದ್ದಲಿ ಠಣ್ಣೆಂದು ಪುಟಿಯಿತು. ಮಣ್ಣಿನ ಗೋಡೆಯಲ್ಲಿ ಆ ಸದ್ದು ಬರುವುದಿಲ್ಲ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಬಯುವೊನ ನಗು ಅಲ್ಲಿಗೆ ನಿಂತಿತು. ಎರಡನೆಯ ಏಟು, ಮೂರನೆಯ ಏಟು. ಅವಳು ಹದಿನೈದು ದಿನ ಕೂತು ನುಣುಪು ಕಲ್ಲಿನಿಂದ ಉಜ್ಜಿ ಉಜ್ಜಿ ಹೊಳಪು ತಂದಿದ್ದ ಹೆಬ್ಬಾವು ನಡುವಿನಲ್ಲಿ ಬಿರಿಯಿತು. ಆಮೇಲೆ ಆಳೆತ್ತರದ ಒಂದು ಪದರ ಹಲಗೆಯ ಹಾಗೆ ಮುಂದಕ್ಕೆ ವಾಲಿ, ಅವನ ಕಾಲ ಬಳಿ ಬಿದ್ದು ಮೂರು ತುಂಡಾಯಿತು. ತುಂಡುಗಳ ಬೆನ್ನು ಬೂದಿ ಬಣ್ಣ. ಗೋಡೆಯೊಳಗಿನ ಮಣ್ಣು ಕಪ್ಪಗೆ, ಒದ್ದೆಯಾಗಿ, ಕೆಟ್ಟ ವಾಸನೆ ಹೊಡೆಯುತ್ತ ಎಲ್ಲರಿಗೂ ಕಾಣುವಂತೆ ನಿಂತಿತ್ತು. ಬೆರಳಿಟ್ಟರೆ ಒಳಗೆ ಹೋಗುತ್ತಿತ್ತು. ಹೆಂಗಸೊಬ್ಬಳು ನಿಜವಾಗಿಯೂ ಬೆರಳಿಟ್ಟು ನೋಡಿದಳು. ಅಯಂಬಿರೆ ಜೇಬಿನಿಂದ ಹಕ್ಕಳೆ ತೆಗೆದು ಉಳಿದ ತುಂಡುಗಳ ಮೇಲೆ ಹಾಕಿದ. ಅವನಿಗೆ ಅಳು ಬಂದಿತ್ತು, ಹಗುರವೇನೂ ಆಗಿರಲಿಲ್ಲ.

ಬಯುವೊ ಬಿದ್ದ ತುಂಡೊಂದನ್ನು ಕಾಲಿನಿಂದ ಮಗುಚಿ ನೋಡಿದ. ಒಂದು ಬೈಗುಳಕ್ಕೆ ಬಾಯಿ ತೆರೆದ, ಅದು ಬರಲಿಲ್ಲ. ಆಮೇಲೆ, ಇಷ್ಟು ವರ್ಷದಲ್ಲಿ ಒಂದು ಸಲವೂ ಕರೆಯದ ಹಾಗೆ, ನೀವು ಎಂದು ಕರೆದ. ಸಿಮೆಂಟ್ ಅಂತ ನೀವೇ ಒಡತಿ ಅಮ್ಮನಿಗೆ ಹೇಳುತ್ತೀರಾ, ನಾನು ಹೇಳಲಾ ಎಂದು ಕೇಳಿದ. ಆ ಗೌರವ ಅಯಂಬಿರೆಗೆ ಕಪಾಳಕ್ಕೆ ಹೊಡೆದಂತಾಯಿತು. ನಾನೇ ಹೇಳುತ್ತೇನೆ ಎಂದ. ಧೂಳಿನ ಗೆರೆಯೊಳಗೆ ಈಗ ಕಾರಿನ ದೀಪಗಳು ಕಾಣುತ್ತಿದ್ದವು, ಹಿಂದೆಯೇ ಮೋಡವೂ ಇತ್ತು. ಬಯುವೊ ಓಡಿಹೋಗಿ ಹಾಸಿಗೆ, ದಿಂಬು, ಹೂವು ಎಲ್ಲವನ್ನೂ ತಬ್ಬಿಕೊಂಡು ಹೊರಗೆ ಬಂದ. ನಾಲ್ಕನೆಯ ಮನೆಯಲ್ಲಿ ಮಲಗಿಸಬಹುದಾ ಎಂದು ಅಯಂಬಿರೆಯನ್ನು ಕೇಳಲಿಲ್ಲ, ಚಿಕ್ಕವ್ವನನ್ನು ಕೇಳಿದ.

ಚಿಕ್ಕವ್ವ ನಾಲ್ಕನೆಯ ಮನೆಯವರೆಗೆ ನಡೆದಳು. ಅಯಂಬಿರೆ ಹಿಂದೆ ಹೋದ. ಅದರ ತಳದ ಮೆತ್ತಿಗೆಯನ್ನೂ ಅವನೇ ಮಾಡಿದ್ದ, ಬರೀ ಮಣ್ಣಿನಲ್ಲಿ, ಅವಳು ಕಲಿಸಿದ ಹಾಗೆ. ಬಾಗಿಲ ಪಕ್ಕ ನಿಂತು ಅವಳು ಅವನ ಕಡೆ ತಿರುಗಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಕೋಳಿಗೂಡಿನ ಮುಂದೆ ಕೇಳಿದ ಹಾಗೇ ಕೇಳಿದಳು.

"ಇದಕ್ಕೆ?"

"ಇಲ್ಲ ಚಿಕ್ಕವ್ವ. ಅದೊಂದಕ್ಕೇ. ಇನ್ಯಾವುದಕ್ಕೂ ಇಲ್ಲ."

ಅದು ನಿಜವಾಗಿತ್ತು. ಅಷ್ಟು ನಿಜವಾದ ಮಾತನ್ನು ಅವನು ತುಂಬ ದಿನಗಳಿಂದ ಯಾರಿಗೂ ಆಡಿರಲಿಲ್ಲ. ಚಿಕ್ಕವ್ವ ತಲೆಯಾಡಿಸಿದಳು, ಕೇಳಿಸಿತು ಎನ್ನುವ ಹಾಗೆ. ಆಮೇಲೆ ಬೆರಳು ಮಡಿಚಿ, ಗೋಡೆಯ ಹತ್ತಿರ ಕಿವಿ ತಂದು, ತಟ್ಟಿದಳು.